ಬಾವಿಗಿಳಿದ ಪ್ರಾಣಿಶಾಸ್ತ್ರ

ಕಾಲೇಜಿನಲ್ಲಿ ಕಪ್ಪೆ ಕೊಯ್ದು ಬಂದ ದಿನ ಅವ್ವ ನನ್ನನ್ನು ನೇರವಾಗಿ ಮನೆಯೊಳಗೆ ಬಿಡುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಬರಬೇಕು, ಬಚ್ಚಲಿಗೆ ಹೋಗಬೇಕು, ತಲೆಯ ಮೇಲೆ ನೀರು ಹಾಕಿಕೊಂಡ ಮೇಲೆಯೇ ಅಡುಗೆಮನೆಯ ಹೊಸ್ತಿಲು ದಾಟಬೇಕು. ವಾರಕ್ಕೆ ಎರಡು ದಿನ ಪ್ರಾಕ್ಟಿಕಲ್ ಇರುತ್ತಿತ್ತು. ಆ ಎರಡು ದಿನ ಅವ್ವ ಬೈಯುತ್ತಲೇ ಹಂಡೆ ತುಂಬಿಸಿ, ಬೈಯುತ್ತಲೇ ಒಲೆಗೆ ಕಟ್ಟಿಗೆ ಹಾಕಿ, ನಾನು ಬರುವ ಹೊತ್ತಿಗೆ ನೀರು ಕಾಯಿಸಿಟ್ಟಿರುತ್ತಿದ್ದಳು.

“ಲಿಂಗ ಕಟ್ಟಿಕೊಂಡ ಮನಿ ಇದು. ಕಪ್ಪಿ ಹೊಟ್ಟಿ ಸೀಳಿದ ಕೈಲೆ ನನ್ನ ರೊಟ್ಟಿಬುಟ್ಟಿ ಮುಟ್ಟಿ ಅಂದ್ರ ನೋಡು,” ಎನ್ನುತ್ತಿದ್ದಳು.

ನಮ್ಮದು ಕೊಪ್ಪಳದಲ್ಲಿ ಸಣ್ಣ ಕಿರಾಣಿ ಅಂಗಡಿ ನಡೆಸುವ ಮನೆತನ. ಮಗಳು ಡಾಕ್ಟರ್ ಆಗುತ್ತಾಳೆಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಬಿಟ್ಟಿದ್ದ. ಪಿಯುಸಿಯ ಅಂಕಗಳು ಬಂದಾಗ ಮೆಡಿಕಲ್ ಸೀಟು ನನಗೆ ಬಹಳ ದೂರ ಉಳಿದಿತ್ತು. ಆಮೇಲೆ ಅಪ್ಪ ಗಿರಾಕಿಗಳೆದುರು ನನ್ನ ಓದಿನ ಮಾತೆತ್ತುವುದನ್ನೇ ಬಿಟ್ಟ. ನಾನು ಮುಖ ಸಣ್ಣದು ಮಾಡಿಕೊಂಡು ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ.ಗೆ ಸೇರಿದೆ. ತರಗತಿಯಲ್ಲಿ ಇಬ್ಬರೇ ಹುಡುಗಿಯರು. ಎರಡನೇ ವರ್ಷ ಇನ್ನೊಬ್ಬಳ ಮದುವೆಯಾಗಿ ನಾನೊಬ್ಬಳೇ ಉಳಿದೆ.

ಮುನಿಸಿನಿಂದ ಸೇರಿದ್ದೆನಾದರೂ ಆರು ತಿಂಗಳಲ್ಲಿ ಆ ಓದು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು ತೆಳ್ಳನೆಯ, ಸಿಡುಕು ಮೋರೆಯ ಮನುಷ್ಯ. ಕೆರೆಯ ನೀರಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು “ನೋಡ್ರಿ” ಎಂದಷ್ಟೇ ಹೇಳಿ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಆ ಹನಿಯೊಳಗೆ ಈಜುವವು, ಕುಪ್ಪಳಿಸುವವು, ಒಂದನ್ನೊಂದು ನುಂಗುವವು ಎಲ್ಲ ಇದ್ದವು. ನನ್ನ ರೆಕಾರ್ಡ್ ಪುಸ್ತಕದಲ್ಲಿ ಒಂದೊಂದನ್ನೂ ಪೆನ್ಸಿಲ್ ಚೂಪು ಮಾಡಿಕೊಂಡು ಬಿಡಿಸಿದೆ.

ಡಿಗ್ರಿ ಮುಗಿಯಿತು. ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗುತ್ತೇನೆಂದರೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಹೈಸ್ಕೂಲಿನಲ್ಲಿ ಕಲಿಸಲು ಬಿ.ಇಡಿ. ಬೇಕೆಂದರು. ಗಂಡಿನ ಕಡೆಯವರು ನೋಡಲು ಬಂದರೆ “ಪ್ರಾಣಿಶಾಸ್ತ್ರ ಅಂದ್ರೇನವಾ? ದನದ ಡಾಕ್ಟರಾ?” ಎಂದು ಕೇಳುತ್ತಿದ್ದರು. ಇದನ್ನು ಕೇಳಿಸಿಕೊಂಡು ಸಾಕಾಗಿ, ಪೇಪರಿನಲ್ಲಿ ಬಂದಿದ್ದ ಪ್ರಕಟಣೆ ನೋಡಿ ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಅರ್ಜಿ ಹಾಕಿದೆ. ಪಾಸಾದೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಕುಷ್ಟಗಿಯ ತಾಲೂಕು ಬೋರ್ಡಿನ ಕಚೇರಿಗೆ ನನ್ನನ್ನು ಹಾಕಿದರು. ಕುಷ್ಟಗಿಯಲ್ಲಿ ಅಪ್ಪನ ಅಕ್ಕ ಇದ್ದಳು. ಆ ಅತ್ತೆಯ ಮನೆಯಲ್ಲಿ ಇರುವುದಾದರೆ ಹೋಗಲಿ ಎಂದು ಅಪ್ಪ ಒಪ್ಪಿದ.

ನನಗೆ ಕೊಟ್ಟ ಕೆಲಸ ಆವಕ-ಜಾವಕ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು. ಕಚೇರಿಯಲ್ಲಿ ನಾನೊಬ್ಬಳೇ ಹೆಣ್ಣುಮಗಳು. ಹೆಡ್‌ಕ್ಲಾರ್ಕರು ಒಳ್ಳೆಯವರೇ, ಆದರೆ ನನ್ನ ಡಿಗ್ರಿ ಅವರಿಗೆ ತಮಾಷೆಯ ವಸ್ತುವಾಗಿತ್ತು. ಮೇಜಿನ ಮೇಲೆ ಹಲ್ಲಿ ಬಿದ್ದರೆ “ಅಕ್ಕೋರ, ನಿಮ್ಮ ಸಬ್ಜೆಕ್ಟು ಬಂತ್ ನೋಡ್ರಿ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎರಡು ವರ್ಷ ಹೀಗೆ ನಂಬರು ಹಾಕಿದೆ. ಕಲಿತದ್ದು ತಲೆಯಿಂದ ಒಂದೊಂದಾಗಿ ಜಾರಿ ಹೋಗುತ್ತಿದೆ ಎಂದು ಸಂಜೆ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತಾಗ ಅನ್ನಿಸುತ್ತಿತ್ತು.

ಆಗ ಆ ಪತ್ರ ಬಂತು.

ತಾವರಗೇರಾದ ಆಚೆಗಿನ ಒಂದು ಹಳ್ಳಿಯ ಶಾಲಾ ಮಾಸ್ತರರು ಬರೆದದ್ದು. ಬೇಸಿಗೆಯಲ್ಲಿ ಮಕ್ಕಳ ಹಾಜರಿ ಅರ್ಧಕ್ಕಿಂತ ಕಡಿಮೆ ಇದ್ದುದಕ್ಕೆ ಮೇಲಿನವರು ಅವರಿಂದ ಸಮಜಾಯಿಷಿ ಕೇಳಿದ್ದರು. ಅದಕ್ಕೆ ಅವರು ಕೊಟ್ಟ ಉತ್ತರದ ಒಂದು ಪ್ರತಿ ನಮ್ಮ ಕಚೇರಿಗೂ ಬಂದಿತ್ತು. ಮಕ್ಕಳ ಕಾಲಿನಿಂದ ಬಿಳಿ ದಾರದಂಥ ಹುಳು ಹೊರಬರುತ್ತಿದೆ, ಅದಕ್ಕೆ ಇಲ್ಲಿನವರು ನಾರು ಹುಣ್ಣು ಎನ್ನುತ್ತಾರೆ, ಪ್ರತಿವರ್ಷವೂ ಹೀಗೆಯೇ, ಮಕ್ಕಳಿಗೆ ನಡೆಯಲು ಆಗುವುದಿಲ್ಲ, ನನಗೂ ಈ ಸಲ ಆಗಿದೆ, ಆದ್ದರಿಂದ ಹಾಜರಿ ಕಡಿಮೆಯಾದುದನ್ನು ಮನ್ನಿಸಬೇಕು ಎಂದು ದುಂಡನೆಯ ಅಕ್ಷರದಲ್ಲಿ ಬರೆದಿದ್ದರು. ಹೆಡ್‌ಕ್ಲಾರ್ಕರು ಅದರ ಮೂಲೆಯಲ್ಲಿ “ಫೈಲು ಮಾಡಿ” ಎಂದು ಬರೆದು ನನ್ನ ಮೇಜಿಗೆ ಕಳಿಸಿದರು.

ನಾನು ನಂಬರು ಹಾಕಲಿಲ್ಲ. ಕಾಲೇಜಿನ ಮ್ಯೂಸಿಯಮ್ಮಿನ ಕಪಾಟಿನಲ್ಲಿ ಒಂದು ಗಾಜಿನ ಭರಣಿ ಇತ್ತು. ಅದರೊಳಗೆ ಔಷಧದ ನೀರಿನಲ್ಲಿ ಸುರುಳಿ ಸುತ್ತಿದ ಉದ್ದನೆಯ ಬಿಳಿ ದಾರ. ಮೂರು ವರ್ಷ ಆ ಕಪಾಟಿನ ಎದುರಿನ ಬೆಂಚಿನಲ್ಲೇ ನಾನು ಕೂತಿದ್ದೆ. ಆ ಹುಳುವಿನ ಜೀವನಚಕ್ರ ಪರೀಕ್ಷೆಗೆ ಬಂದೇ ಬರುತ್ತದೆಂದು ಬಾಯಿಪಾಠ ಮಾಡಿದ್ದೆ. ರೋಗಿಯ ಕಾಲಿನಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತವೆ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಾಸಿವೆಗಿಂತ ಸಣ್ಣ ಜೀವಿ ಆ ಮರಿಗಳನ್ನು ತಿನ್ನುತ್ತದೆ. ಆ ನೀರು ಕುಡಿದವರ ಹೊಟ್ಟೆಯಿಂದ ಹುಳು ಮೈಯೊಳಗೆ ಸೇರಿ ಬೆಳೆಯುತ್ತದೆ, ಕೊನೆಗೆ ಕಾಲಿನಿಂದ ಹೊರಬರುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ನಮ್ಮದೇ ತಾಲೂಕಿನ ಮಕ್ಕಳ ಕಾಲಿನಲ್ಲಿ ಅದು ಇದೆಯೆಂದು ಯಾರೂ ನನಗೆ ಹೇಳಿರಲಿಲ್ಲ.

ಪತ್ರ ಹಿಡಿದುಕೊಂಡು ಬಿಡಿಓ ಸಾಹೇಬರ ಕೋಣೆಗೆ ಹೋದೆ. ಅವರು ನಿಜಾಮರ ಕಾಲದ ದಫ್ತರದಲ್ಲಿ ಕೆಲಸ ಕಲಿತವರು, ನಿವೃತ್ತಿಗೆ ಹತ್ತಿರವಾಗಿದ್ದರು. ಗುಮಾಸ್ತೆಯೊಬ್ಬಳು ಕರೆಯದೆ ಒಳಗೆ ಬಂದದ್ದಕ್ಕೇ ಅವರ ಹುಬ್ಬು ಮೇಲೇರಿತು. ಆದರೂ ಪತ್ರ ಪೂರ್ತಿ ಓದಿದರು.

“ಇದು ಆರೋಗ್ಯ ಖಾತೆದ್ದವಾ. ನಮಗೇನ್ ಸಂಬಂಧ?”

“ಹುಳಾ ಅವರದಿರಬಹುದ್ರಿ ಸಾಹೇಬ್ರ,” ಎಂದೆ. “ಬಾವಿ ನಮ್ಮದಲ್ಲೇನ್ರಿ? ಬಾವಿ ರಿಪೇರಿ ಫೈಲಿಗೆ ನಂಬರ್ ಹಾಕಾಕಿ ನಾನ ಅದೀನಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ನಾನು ನಿಂತಲ್ಲೇ ಆ ಹುಳುವಿನ ಕಥೆಯನ್ನೆಲ್ಲ ಹೇಳಿದೆ. ಎಲ್ಲ ಕೇಳಿ, “ನಾಡಿದ್ದ ಓವರಸೀಯರು ಆ ಕಡೆ ಸಾಲಿ ಕಟ್ಟಡ ನೋಡಾಕ ಹೊಂಟಾರ. ಜೀಪಿನ್ಯಾಗ ಜಾಗಾ ಐತಿ. ಹೋಗಿ ನೋಡಿ ಬಾ,” ಎಂದರು. ನಾನು ಬಾಗಿಲು ದಾಟುತ್ತಿದ್ದಾಗ ಮತ್ತೆ ಕರೆದರು. “ಬರೇ ನೋಡಿ ಬರಬ್ಯಾಡ. ಏನ್ ಮಾಡಬೇಕಂತ ಒಂದ ಕಾಗದದಾಗ ಬರಕೊಂಡ ಬಾ.”

ಆ ಹಳ್ಳಿಯ ಬಾವಿ ದೊಡ್ಡದು. ನಾಲ್ಕೂ ಕಡೆ ಚೌಕವಾಗಿ ಕಟ್ಟಿದ ಕಲ್ಲು, ಒಂದು ಕಡೆಯಿಂದ ನೀರಿನವರೆಗೆ ಇಳಿಯುವ ಪಾವಟಿಗೆಗಳು. ಹೆಂಗಸರು ಸೀರೆ ಎತ್ತಿಕಟ್ಟಿ ಮೊಳಕಾಲುದ್ದ ನೀರಿನಲ್ಲಿ ನಿಂತು ಕೊಡ ಅದ್ದಿ ತುಂಬಿಕೊಳ್ಳುತ್ತಿದ್ದರು. ಕೊನೆಯ ಪಾವಟಿಗೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಅವಳ ಎಡಗಾಲು ನೀರಿನೊಳಗಿತ್ತು. ಮಾಸ್ತರರು ಕುಂಟುತ್ತ ನನ್ನ ಹಿಂದೆ ಬಂದು, ಆಕೆ ಊರಿನ ಸೂಲಗಿತ್ತಿ, ಇಲ್ಲಿನ ಅರ್ಧ ಊರನ್ನು ಹೆರಿಗೆ ಮಾಡಿಸಿದಾಕೆ ಎಂದರು.

“ಯಾಕಬೇ ಯವ್ವಾ, ನೀರಾಗ ಕಾಲಿಟ್ಟಿ?” ಎಂದು ಕೇಳಿದೆ.

“ಉರೀತೈತಿ ಮಗಳ. ಬೆಂಕಿ ಇಟ್ಟಂಗ ಉರೀತೈತಿ. ನೀರಾಗ ಇಟ್ರ ತಣ್ಣಗಾಗತೈತಿ.” ಕಾಲು ಎತ್ತಿ ತೋರಿಸಿದಳು. ಪಾದದ ಗಂಟಿನ ಹತ್ತಿರ ಹುಣ್ಣು. ಅದರಿಂದ ಬಿಳಿಯ ಎಳೆಯೊಂದು ಹೊರಬಂದು ಕಡ್ಡಿಯೊಂದಕ್ಕೆ ಸುತ್ತಿತ್ತು. ದಿನಕ್ಕೆ ಒಂದೊಂದು ಸುತ್ತು ಸುತ್ತಬೇಕು, ಜೋರಾಗಿ ಎಳೆದು ಹರಿದರೆ ಕಾಲು ಕೊಳೆಯುತ್ತದೆ ಎಂದು ಅವಳೇ ವಿವರಿಸಿದಳು. ಅವಳ ಪಕ್ಕದಲ್ಲೇ ಒಬ್ಬ ಹೆಣ್ಣುಮಗಳು ಕುಡಿಯುವ ನೀರಿನ ಕೊಡ ಮುಳುಗಿಸುತ್ತಿದ್ದಳು.

ಪುಸ್ತಕದ ಆ ಪುಟ ನನ್ನ ಕಣ್ಣೆದುರು ನಡೆಯುತ್ತಿತ್ತು. ತಂದಿದ್ದ ಬಾಟಲಿಯಲ್ಲಿ ನೀರು ತುಂಬಿಕೊಂಡೆ.

ಭಾನುವಾರ ಬಾಟಲಿಯೊಂದಿಗೆ ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದು, ಮನೆಗೂ ಹೋಗದೆ ಪ್ರಾಧ್ಯಾಪಕರ ಮನೆಯ ಬಾಗಿಲು ತಟ್ಟಿದೆ. ಅವರು ಪಂಚೆಯಲ್ಲೇ ಹೊರಬಂದು ಬೀಗದ ಕೈ ತಂದು ಲ್ಯಾಬು ತೆರೆದರು. ಹನಿ ಇಟ್ಟು ಮೊದಲು ಅವರು ನೋಡಿ, ಆಮೇಲೆ ನನಗೆ ಜಾಗ ಬಿಟ್ಟರು. ಒಂದೇ ಕಣ್ಣಿನ, ಬಾಲಕ್ಕೆ ಎರಡು ತತ್ತಿಚೀಲ ಕಟ್ಟಿಕೊಂಡ ಸೈಕ್ಲಾಪ್ಸುಗಳು ಜಿಗಿಜಿಗಿದು ಓಡಾಡುತ್ತಿದ್ದವು.

“ಇಷ್ಟ ವರ್ಷ ಕಲಿಸೀನಿ,” ಎಂದರು ಪ್ರಾಧ್ಯಾಪಕರು, ಕಿಟಕಿಯ ಕಡೆ ಮುಖ ಮಾಡಿ. “ಒಬ್ರೂ ಹಿಂಗ ಬಾಟ್ಲಿ ಹಿಡಕೊಂಡು ತಿರುಗಿ ಬಂದಿರಲಿಲ್ಲ.”

ಹಳೆಯದೊಂದು ಮೈಕ್ರೋಸ್ಕೋಪನ್ನು ತಮ್ಮ ಹೆಸರಿನಲ್ಲಿ ಬರೆದುಕೊಂಡು ನನ್ನ ಕೈಗೆ ಕೊಟ್ಟರು. ಅದರ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಷ್ಟಗಿಯವರೆಗೆ ಕುಲುಕಾಡುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು “ಹಾರ್ಮೋನಿಯಂ ಏನವಾ?” ಎಂದು ಕೇಳಿದಳು. ಹೌದೆಂದುಬಿಟ್ಟೆ.

ನಾನು ಬರೆದುಕೊಟ್ಟ ಕಾಗದದಲ್ಲಿ ಮೂರೇ ಮಾತಿದ್ದವು. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ಹುಣ್ಣು ಇದ್ದವರು ಬಾವಿಗೆ ಇಳಿಯಬಾರದು. ಪಾವಟಿಗೆ ಮುಚ್ಚಿ, ಕಟ್ಟೆ ಕಟ್ಟಿ, ಗಡಗಡಿ ಹಾಕಿ ಸೇದುವ ಬಾವಿ ಮಾಡಬೇಕು. ಸಾಹೇಬರು ಓದಿ, “ಮೊದಲಿನ ಎರಡು ನೀ ಮಾಡಿ ತೋರಿಸು. ಮೂರನೇದು ನಾ ಮಾಡತೀನಿ,” ಎಂದರು. ವಾರಕ್ಕೊಮ್ಮೆ ಆ ಹಳ್ಳಿಗೆ ಹೋಗಿಬರಲು ಹುಕುಂ ಬರೆದುಕೊಟ್ಟರು. ಹೆಡ್‌ಕ್ಲಾರ್ಕರು ಮುಖ ಸಿಂಡರಿಸಿಕೊಂಡೇ ನನ್ನ ರಜಿಸ್ಟರನ್ನು ಆ ದಿನಗಳ ಮಟ್ಟಿಗೆ ಬೇರೆಯವರಿಗೆ ಹಚ್ಚಿದರು.

ಇಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಶಾಲೆಯ ಅಂಗಳದಲ್ಲಿ ಮಾಸ್ತರರ ಮೇಜು ಹಾಕಿಸಿ ಮೈಕ್ರೋಸ್ಕೋಪು ಇಟ್ಟೆ. ಜನ ಸೇರಿದರು. ಊರಿನ ಗೌಡರು ಎಲ್ಲರ ಮುಂದೆ ಬಂದು ನಿಂತರು. ಆ ಬಾವಿ ತೆಗೆಸಿದ್ದು ಅವರ ಅಜ್ಜ.

“ನಮ್ಮ ಬಾವ್ಯಾಗ ಹುಳಾ ಅದಾವ ಅಂತೀರೇನ್ರಿ ಅಕ್ಕೋರ? ನಮ್ಮ ಅಜ್ಜ ಇದ ನೀರ ಕುಡದ ತೊಂಬತ್ತ ವರ್ಷ ಬದುಕಿದ.”

ನಾನು ಬಾಯಿ ತೆರೆಯುವ ಮೊದಲೇ ಸೂಲಗಿತ್ತಿ ಗುಂಪಿನೊಳಗಿಂದ ದಾರಿ ಮಾಡಿಕೊಂಡು ಬಂದಳು. “ನಾ ನೋಡತೀನಿ ತಡೀರಿ. ಕಾಲು ನಂದ ಉರದದ್ದು,” ಎಂದು ಬಗ್ಗಿ ಕಣ್ಣಿಟ್ಟಳು. ಆಮೇಲೆ ಒಮ್ಮೆಲೆ ಹಿಂದಕ್ಕೆ ಸರಿದು ಎದೆ ಮುಟ್ಟಿಕೊಂಡಳು.

“ಅಯ್ಯ ಶಿವನ! ಒಂದ ಕಣ್ಣಿಂದು! ಜಿಗಿದಾಡಾಕತ್ತೈತಿ! ಇದನ್ನ ನಾವು ಕುಡ್ಯಾಕತ್ತೀವೇನ ಯವ್ವಾ?”

ಆಮೇಲೆ ಸಾಲು ಹಚ್ಚಿದರು. ಹೆಂಗಸರು, ಗಂಡಸರು, ಕಡೆಗೆ ಗೌಡರೂ. ಊರ ಹೊರಗಿನ ಓಣಿಯ ಹೆಣ್ಣುಮಕ್ಕಳು ದೂರದಲ್ಲೇ ನಿಂತಿದ್ದರು. ಅವರಿಗೆ ಬಾವಿಗೆ ಇಳಿಯುವ ಹಕ್ಕಿರಲಿಲ್ಲ. ಬಾವಿಗೆ ಇಳಿದವರು ತಮ್ಮ ಕೊಡಕ್ಕೆ ಮೇಲಿನಿಂದ ಸುರಿದ ನೀರನ್ನೇ ಈ ಹೆಣ್ಣುಮಕ್ಕಳು ಒಯ್ಯುತ್ತಿದ್ದರು, ಇವರ ಕಾಲಿಗೂ ಅದೇ ಹುಳು. ನಾನು ಮೇಜನ್ನು ಅವರ ಕಡೆಗೆ ಎತ್ತಿಸಿಕೊಂಡು ಹೋದೆ. ಯಾರೋ ಏನೋ ಗೊಣಗಿದರು. “ನೋಡಿದ್ರ ಏನ್ ಸವೀತೈತಿ?” ಎಂದಳು ಸೂಲಗಿತ್ತಿ. ಗೊಣಗಾಟ ನಿಂತಿತು.

ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಉಳಿದದ್ದನ್ನೂ ಕೆಳಗೆ ಬಿದ್ದ ನೀರನ್ನೂ ಬೇರೆ ಬೇರೆ ತೋರಿಸಿದೆ. ಸೋಸಿದ ನೀರಿನಲ್ಲಿ ಒಂದೂ ಇರಲಿಲ್ಲ. ಆ ದಿನ ನಾನು ಗೆದ್ದೆನೆಂದುಕೊಂಡೆ. ಆ ಉತ್ಸಾಹದಲ್ಲಿ ಎಲ್ಲರೆದುರು ಕೂಗಿ ಹೇಳಿದೆ: “ಇಂದಿನಿಂದ ಸೋಸಿ ಕುಡೀರಿ. ಮುಂದಿನ ಬ್ಯಾಸಗಿಗೆ ಈ ಊರಾಗ ನಾರು ಹುಣ್ಣು ಇರಂಗಿಲ್ಲ!”

ಅದೇ ನಾನು ಮಾಡಿದ ತಪ್ಪು.

ಜನ ಸೋಸಿದರು. ಹಳೆಯ ಧೋತರಗಳು, ರುಮಾಲುಗಳು, ಎಲ್ಲ ಕೊಡದ ಬಾಯಿಗೆ ಬಂದವು. ಸೂಲಗಿತ್ತಿ ಮನೆಮನೆಗೆ ಹೋಗಿ ಕೊಡ ತಪಾಸು ಮಾಡುತ್ತಿದ್ದಳು. ನಾನು ವಾರಕ್ಕೊಮ್ಮೆ ಹೋಗಿ, ಮನೆಗಳ ಪಟ್ಟಿ ಬರೆದು, ಬಟ್ಟೆ ತೂತಾಗಿದೆಯೇ ನೋಡಿ ಬರುತ್ತಿದ್ದೆ. ಆದರೆ ಮುಂದಿನ ಬೇಸಿಗೆ ಬಂತು, ಅದರೊಂದಿಗೆ ನಾರು ಹುಣ್ಣೂ ಬಂತು. ಹಿಂದಿನ ವರ್ಷದಷ್ಟೇ ಬಂತು. ಗೌಡರ ಕಿರಿಯ ಮಗಳಿಗೆ ಎರಡೂ ಕಾಲಿನಲ್ಲಿ ಬಂತು.

ಗೌಡರು ಕಚೇರಿಗೇ ಬಂದರು. ಸಾಹೇಬರ ಎದುರು ನನ್ನನ್ನು ತೋರಿಸಿ, “ಈ ಹೆಣ್ಣಮಗಳ ಮಾತ ಕೇಳಿ ಊರೆಲ್ಲಾ ಅರಿಬಿ ಕಟಗೊಂಡು ಕುಂತೀವಿ. ಏನಾತು?” ಎಂದು ಗದರಿದರು. ಮೂಲೆಯಲ್ಲಿ ಹೆಡ್‌ಕ್ಲಾರ್ಕರು ನೆಲ ನೋಡುತ್ತಿದ್ದರು. ನನಗೆ ಅಲ್ಲಿಯೇ ಭೂಮಿಯೊಳಗೆ ಇಳಿದುಹೋಗಬೇಕೆನ್ನಿಸಿತು. ಯಾಕೆಂದರೆ ಏನಾಯಿತೆಂದು ನನಗೆ ಗೊತ್ತಿತ್ತು. ಹುಳು ಮೈಯೊಳಗೆ ಹೋದ ಮೇಲೆ ಹೊರಬರಲು ಒಂದು ವರ್ಷ ಹಿಡಿಯುತ್ತದೆ. ಈಗ ಬಂದದ್ದು ನಾವು ಸೋಸಲು ಶುರು ಮಾಡುವ ಮುಂಚೆಯೇ ಕುಡಿದ ನೀರಿನದು. ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆದವಳು ಊರಿನವರೆದುರು ಹೇಳಲು ಮರೆತಿದ್ದೆ.

ಗೌಡರು ಹೋದ ಮೇಲೆ ಸಾಹೇಬರಿಗೆ ಅದನ್ನೇ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: “ತಪ್ಪು ನಿಂದು ಅಂತ ಊರಾಗ ನಿಂತ ಹೇಳತೀಯೇನು?”

“ಹೇಳತೀನ್ರಿ.”

“ಹಂಗಾರ ನಾನೂ ಬರತೀನಿ ನಡಿ.”

ಅದೇ ಶಾಲೆಯ ಅಂಗಳ, ಅದೇ ಜನ. ಈ ಸಲ ಮೇಜಿಲ್ಲ, ಮೈಕ್ರೋಸ್ಕೋಪಿಲ್ಲ. ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. “ತಪ್ಪು ನಂದ್ರಿ,” ಎಂದು ಶುರು ಮಾಡಿದೆ. “ನಿಮ್ಮ ಬಟ್ಟಿದಲ್ಲ, ನಿಮ್ಮದೂ ಅಲ್ಲ. ಈ ಹುಳಾ ಒಳಗ ಹೋದಮ್ಯಾಲೆ ಹೊರಗ ಬರಾಕ ವರ್ಷ ಬೇಕು. ಅದನ್ನ ನಾ ಹೋದ ವರ್ಷನ ಹೇಳಬೇಕಾಗಿತ್ತು. ಹೇಳಲಿಲ್ಲ.”

ಹಿಂದಿನಿಂದ ಒಬ್ಬ, “ಮುಂದಿನ ವರ್ಷ ಇನ್ನೊಂದ ನೆವಾ ಹೇಳತಾರ,” ಎಂದ. ಕೆಲವರು ನಕ್ಕರು. ಆಗ ಸೂಲಗಿತ್ತಿ ಎದ್ದು ನಿಂತು ಬೆರಳು ಮಡಚಿ ತಿಂಗಳು ಎಣಿಸತೊಡಗಿದಳು.

“ಹೋದ ವರ್ಷ ಕಾರಹುಣ್ಣಿವಿ ಆದಮ್ಯಾಲೆ ಸೋಸಾಕ ಹಿಡದ್ವಿ. ಹೌದಲ್ಲೋ? ಅದಕ್ಕೂ ಮೊದಲ ಕುಡದದ್ದು ಯಾವನ ಹೊಟ್ಟ್ಯಾಗ ಹೋತು? ನಮ್ಮ ಹೊಟ್ಟ್ಯಾಗ ಹೋತು. ಬಸಿರಿದ್ದಂಗ ಅಲ್ಲೇನಿದು? ಇಂದ ನಿಂತ ಬಸಿರು ನಾಳೆ ಹಡದಾಳೇನು? ನೀವೆಲ್ಲಾ ನನ್ನ ಕೈಯಾಗ ಹುಟ್ಟಿದವ್ರು. ಒಂಬತ್ತ ತಿಂಗಳ ತಡಕೊಂಡ ನಿಮ್ಮ ಅವ್ವಂದಿರನ್ನ ಕೇಳ್ರಿ. ಈ ಹಾಳಾದ್ದಕ್ಕ ಹನ್ನೆರಡ ತಿಂಗಳು. ಇನ್ನೊಂದ ವರ್ಷ ಸೋಸಿದ್ರ ನಿಮ್ಮ ಕೈ ಸವೀತಾವೇನು?”

ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಅಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಂಗಳದಲ್ಲಿದ್ದ ಹೆಂಗಸರೆಲ್ಲ ಮೊದಲು ನಕ್ಕರು, ಆಮೇಲೆ ತಲೆದೂಗಿದರು. ಹೆಂಗಸರು ಒಪ್ಪಿದ ಮೇಲೆ ಗಂಡಸರದೇನಿದೆ? ನೀರಿನ ಕೊಡ ಅವರ ಕೈಯಲ್ಲಿರಲಿಲ್ಲ.

ಆಗ ಸಾಹೇಬರು ಎದ್ದು ಪಾವಟಿಗೆ ಮುಚ್ಚುವ ವಿಷಯ ತೆಗೆದರು. ಎಲ್ಲರೂ ಗೌಡರ ಮುಖ ನೋಡಿದರು. ಗೌಡರು ಬಹಳ ಹೊತ್ತು ಮೀಸೆ ತೀಡಿದರು. ಎದುರಿಗೆ ಅವರ ಕಿರಿಯ ಮಗಳು ಎರಡೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

“ಕಲ್ಲು ನಮ್ಮ ಹೊಲದಾಗಿನ್ವ ಒಯ್ರಿ,” ಎಂದರು ಕಡೆಗೆ. “ನಮ್ಮ ಅಜ್ಜನ ಬಾವಿಗೆ ಬ್ಯಾರೆಯವರ ಕಲ್ಲು ಬ್ಯಾಡ.”

ಸುಗ್ಗಿಯ ಹೊತ್ತಿಗೆ ಪಾವಟಿಗೆಯ ಬಾಯಿಗೆ ಗೋಡೆ ಎದ್ದಿತು. ಸುತ್ತ ಎದೆಯೆತ್ತರದ ಕಟ್ಟೆ, ನಾಲ್ಕು ಗಡಗಡಿ. ಮೊದಮೊದಲು ಹೆಂಗಸರು ಸೇದಿ ಸೇದಿ ಭುಜ ನೋಯುತ್ತದೆಂದು ನನ್ನನ್ನು ಬೈದರು. ತುಂಬಿದ ಕೊಡ ಹೊತ್ತು ಅಷ್ಟು ಪಾವಟಿಗೆ ಏರುವುದು ತಪ್ಪಿತಲ್ಲ ಎಂದು ಬಸುರಿಯರು ಮೊದಲು ಸಮಾಧಾನಗೊಂಡರು. ನಾಲ್ಕು ಗಡಗಡಿಗಳಲ್ಲಿ ಒಂದನ್ನು ಹೊರಗಿನ ಓಣಿಯವರು ತಮ್ಮದೆಂದು ಹಿಡಿದುಕೊಂಡರು. ಒಂದೆರಡು ದಿನ ಕೂಗಾಟ ನಡೆಯಿತು. ಸಾಹೇಬರು ಖುದ್ದಾಗಿ ಬಂದು ಕಟ್ಟೆಯ ಮೇಲೆ ಕೂತು, ಬೋರ್ಡಿನ ದುಡ್ಡಿನಲ್ಲಿ ರಿಪೇರಿಯಾದ ಬಾವಿ ಎಲ್ಲರದು ಎಂದು ಹೇಳಿ ಹೋದರು. ಗಡಗಡಿ ಆ ಓಣಿಯವರ ಕೈಯಲ್ಲೇ ಉಳಿಯಿತು.

ಮೂರನೆಯ ಬೇಸಿಗೆ. ಹೋಳಿಹುಣ್ಣಿಮೆ ಕಳೆದ ಮೇಲೆ ನನಗೆ ಊಟ ಸೇರಲಿಲ್ಲ. ಪ್ರತಿದಿನ ಟಪಾಲು ಬಂದೊಡನೆ ಆ ದುಂಡನೆಯ ಅಕ್ಷರ ಹುಡುಕುತ್ತಿದ್ದೆ. ಕಾರ್ಡು ಬಂದದ್ದು ಯುಗಾದಿಯಾದ ಮೇಲೆ. ಮಾಸ್ತರರು ನಾಲ್ಕೇ ಸಾಲು ಬರೆದಿದ್ದರು: ಶಾಲೆ ತುಂಬಿದೆ, ಕೂಡಿಸಲು ಜಾಗ ಸಾಲದೆ ಕೆಲವರನ್ನು ಹೊರಗೆ ಬೇವಿನ ಮರದ ಕೆಳಗೆ ಕೂಡಿಸಿದ್ದೇನೆ, ಊರಿನಲ್ಲಿ ಒಬ್ಬನಿಗೆ ಮಾತ್ರ ಹುಣ್ಣು ಬಂದಿದೆ, ಅವನು ಹೋದ ವರ್ಷವೆಲ್ಲ ಬೇರೆ ಊರಿಗೆ ದುಡಿಯಲು ಹೋಗಿದ್ದವನು.

ಕಾರ್ಡು ಹಿಡಿದು ನಿಂತಲ್ಲೇ ಅಳು ಬಂತು. ಹೆಡ್‌ಕ್ಲಾರ್ಕರು ಗಾಬರಿಯಾಗಿ ಬಂದು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಓದಿದರು. ಓದಿ, ತಾವೇ ನನ್ನ ಕುರ್ಚಿಯಲ್ಲಿ ಕೂತು, ರಜಿಸ್ಟರು ತೆರೆದು, ಅದಕ್ಕೆ ನಂಬರು ಹಾಕಿದರು. “ಇದನ್ನ ಫೈಲಿನ್ಯಾಗ ಮುಚ್ಚಿ ಇಡೂದಲ್ಲ,” ಎಂದು ಸಾಹೇಬರ ಕೋಣೆಗೆ ತಾವೇ ಒಯ್ದರು.

ನಿವೃತ್ತರಾಗುವ ವಾರ ಸಾಹೇಬರು ನನ್ನನ್ನು ಕರೆದು ಒಂದು ಅರ್ಜಿ ಮುಂದಿಟ್ಟರು. ಗೆಜೆಟೆಡ್ ಅಧಿಕಾರಿಗಳ ಪರೀಕ್ಷೆಯದು.

“ನನ್ನಂಥವಳಿಗೆ ಇದು ಆಗತೈತೇನ್ರಿ?” ಎಂದೆ.

“ಆವಕ-ಜಾವಕ ನೀ ಬರದಂಗ ಯಾರರ ಬರೀತಾರ. ಬಾವಿ ಫೈಲು ಬರಿಯಾವ್ರು ಬೇಕಾಗ್ಯಾರ,” ಎಂದು ತಮ್ಮ ಪೆನ್ನು ಮುಂದೆ ಮಾಡಿದರು.

ಅಲ್ಲಿಯೇ ತುಂಬಿದೆ. ಐಚ್ಛಿಕ ವಿಷಯ ಪ್ರಾಣಿಶಾಸ್ತ್ರ. ಬೆಳಗಿನ ಹೊತ್ತು ಅತ್ತೆ ಬುತ್ತಿ ಕಟ್ಟುವವರೆಗೆ ಓದಿದೆ, ಬಸ್ಸಿನಲ್ಲಿ ಓದಿದೆ, ಹಳ್ಳಿಯ ಬಾವಿಕಟ್ಟೆಗಳ ಮೇಲೆ ಕೂತು ಓದಿದೆ. ಮೊದಲ ಸಲ ನಪಾಸಾದೆ. ಎರಡನೆಯ ಸಲ ಸಂದರ್ಶನಕ್ಕೆ ಬೆಂಗಳೂರಿಗೆ ಕರೆದರು. ಅಪ್ಪ ಅಂಗಡಿ ಮುಚ್ಚಿ ಜೊತೆಗೆ ಬಂದ. ಒಳಗೆ ಐದು ಜನ ಕೂತಿದ್ದರು. ಅವರಲ್ಲಿ ಒಬ್ಬರು ನನ್ನ ಕಾಗದ ತಿರುವಿ ಸ್ವಲ್ಪ ನಕ್ಕರು.

“ಪ್ರಾಣಿಶಾಸ್ತ್ರಕ್ಕೂ ಆಡಳಿತಕ್ಕೂ ಏನಮ್ಮ ಸಂಬಂಧ?”

ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಎಷ್ಟೋ ವರ್ಷ ಕೇಳಿಸಿಕೊಂಡಿದ್ದೆ. ಹಲ್ಲಿ ಬಿದ್ದಾಗ ಕೇಳಿದ್ದೆ, ಗಂಡಿನ ಕಡೆಯವರಿಂದ ಕೇಳಿದ್ದೆ. ಆ ದಿನ ಮೊದಲ ಸಲ ನನ್ನ ಹತ್ತಿರ ಉತ್ತರವಿತ್ತು. ಬಾವಿಯ ಕಥೆ ಹೇಳಿದೆ. ನನ್ನ ತಪ್ಪನ್ನೂ ಬಿಡದೆ ಹೇಳಿದೆ, ಸೂಲಗಿತ್ತಿ ತಿಂಗಳು ಎಣಿಸಿದ್ದನ್ನೂ ಹೇಳಿದೆ. ಮಾತು ಮುಗಿದಾಗ ನಕ್ಕಿದ್ದವರು ಪೆನ್ನು ಕೆಳಗಿಟ್ಟಿದ್ದರು. “ಆ ಒಬ್ಬ ರೋಗಿ, ಬೇರೆ ಊರಿಗೆ ಹೋಗಿದ್ದವನು, ಅವನನ್ನು ಏನು ಮಾಡಿದಿರಿ?” ಎಂದು ಕೇಳಿದರು.

“ಅವನು ದುಡಿಯಲು ಹೋಗಿದ್ದ ಊರು ಯಾವುದೆಂದು ಕೇಳಿದೆ ಸರ್. ಮರುವಾರ ಆ ಊರಿನ ಬಾವಿಗೆ ಹೋದೆ.”

ಫಲಿತಾಂಶ ಬಂದ ದಿನ ಅಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬೆಲ್ಲ ಹಂಚಿದ. ಡಾಕ್ಟರ್ ಆಗುತ್ತಾಳೆಂದು ಹೇಳಿದ್ದಿರಲ್ಲ ಎಂದು ಯಾರೋ ಕೆಣಕಿದರೆ, “ಡಾಕ್ಟರು ಒಬ್ಬೊಬ್ಬರನ್ನ ನೋಡತಾನ. ಇಕಿ ಊರಿಗೂರ ನೋಡತಾಳ,” ಎಂದನಂತೆ. ಅವ್ವ ಸಂಜೆ ನನಗೆ ಹೇಳಿ ನಕ್ಕಳು.

ಎಂಬತ್ತರ ದಶಕದ ಆರಂಭದಲ್ಲಿ ಯಲಬುರ್ಗಾಕ್ಕೆ ಬಿಡಿಓ ಆಗಿ ಹೋದೆ. ಸ್ವಲ್ಪ ಕಾಲದಲ್ಲಿ ಸರ್ಕಾರವೇ ನಾರು ಹುಣ್ಣನ್ನು ದೇಶದಿಂದ ತೆಗೆಯಲು ಕಾರ್ಯಕ್ರಮ ಹಾಕಿಕೊಂಡಿತು. ಆರೋಗ್ಯ ಖಾತೆಯವರು ಔಷಧ ತಂದರು, ಕೊಳವೆಬಾವಿ ಕೊರೆಯುವ ಯಂತ್ರಗಳು ಬಂದವು. ಆಗ ನಮ್ಮದು ರಾಯಚೂರು ಜಿಲ್ಲೆ. ಗ್ರಾಮಸೇವಕರಿಗೂ ಆರೋಗ್ಯ ಕಾರ್ಯಕರ್ತರಿಗೂ ಜಿಲ್ಲೆಯಲ್ಲಿ ತರಬೇತಿ ಇಟ್ಟಾಗ ಮಾತಾಡಲು ನನ್ನನ್ನು ಕರೆದರು. ನಾನು ಸೂಲಗಿತ್ತಿಯನ್ನೂ ಜೀಪಿನಲ್ಲಿ ಕರೆದುಕೊಂಡು ಹೋದೆ. ಅಷ್ಟು ಸಾಹೇಬರ ನಡುವೆ ಕುರ್ಚಿಯ ಮೇಲೆ ಕೂಡಲು ಅವಳು ಒಪ್ಪಲಿಲ್ಲ. ನಿಂತುಕೊಂಡೇ ಬೆರಳು ಮಡಚಿ ಹನ್ನೆರಡು ತಿಂಗಳು ಎಣಿಸಿ ತೋರಿಸಿದಳು. ನಾನು ತಯಾರಿಸಿಕೊಂಡು ಹೋಗಿದ್ದ ಭಾಷಣ ಬ್ಯಾಗಿನಲ್ಲೇ ಉಳಿಯಿತು.

ಆಮೇಲೆ ಗಂಗಾವತಿಗೆ ವರ್ಗವಾಯಿತು. ಅಲ್ಲಿ ನೀರು ಕಡಿಮೆಯೆಂಬ ಮಾತೇ ಇಲ್ಲ. ಕಾಲುವೆ, ಭತ್ತದ ಗದ್ದೆ, ಸೊಳ್ಳೆ, ಮಲೇರಿಯಾ. ಸೊಳ್ಳೆಯ ಮರಿಹುಳು ತಿನ್ನುವ ಸಣ್ಣ ಮೀನುಗಳನ್ನು ಡ್ರಮ್ಮುಗಳಲ್ಲಿ ತರಿಸಿ ಬಾವಿ, ಹೊಂಡಗಳಿಗೆ ಬಿಡಿಸಿದೆ. ಆಂಧ್ರದಿಂದ ಬಂದು ಕಾಲುವೆಯ ಪಕ್ಕದ ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗು ರೈತರು ಮೊದಲು “ಮೀನಿನ ಆಫೀಸರಮ್ಮ” ಎಂದು ನಕ್ಕರು, ಆಮೇಲೆ ತಾವೇ ಡ್ರಮ್ಮು ತೆಗೆದುಕೊಂಡು ಬಂದರು. ಡಿಗ್ರಿಯ ಯಾವ ಪುಟವೂ ವ್ಯರ್ಥವಾಗಲಿಲ್ಲ.

ದಶಕ ಮುಗಿಯುತ್ತ ಬಂದಾಗ ಮತ್ತೆ ಯಲಬುರ್ಗಾದಲ್ಲಿದ್ದೆ. ಒಂದು ಬೇಸಿಗೆ ಹೊರಗಿನಿಂದ ವೈದ್ಯರ ತಂಡವೊಂದು ತಪಾಸಣೆಗೆ ಬಂತು. ಹಿಂದೆ ಬೇಸಿಗೆಯಲ್ಲಿ ಮನೆಗೊಬ್ಬರಾದರೂ ಮಲಗಿರುತ್ತಿದ್ದ ಹಳ್ಳಿಯನ್ನೇ ಅವರು ಆರಿಸಿಕೊಂಡರು. ಬೆಳಗಿನಿಂದ ಓಣಿ ಓಣಿ ತಿರುಗಿ, ಮಕ್ಕಳ ಪಾದ ಎತ್ತಿ ನೋಡಿ, ಮುದುಕರನ್ನು ಕೇಳಿ, ಹೊಲಕ್ಕೂ ಹೋಗಿ ಬಂದರು. ಒಂದೂ ಸಿಗಲಿಲ್ಲ. ತಂಡದ ಹಿರಿಯ ವೈದ್ಯರು ಬೆವರೊರೆಸಿಕೊಂಡು ತಮ್ಮ ಫಾರ್ಮಿನಲ್ಲಿ “ಇಲ್ಲ” ಎಂದು ಬರೆದು ನನ್ನ ಮುಂದೆ ಹಿಡಿದರು. ನಾನು ಅದರ ಕೆಳಗೆ ಸಹಿ ಹಾಕಿದೆ. ಸಾವಿರಾರು ಸಹಿ ಹಾಕಿರಬೇಕು. ಅಷ್ಟು ನಿಧಾನವಾಗಿ, ಅಷ್ಟು ಪೂರ್ತಿಯಾಗಿ ಹೆಸರು ಬರೆದದ್ದು ಅದೊಂದಕ್ಕೇ.

ಎದುರು ಮನೆಯ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕರೆದಳು. “ಬಿಸಲಾಗ ತಿರಿಗ್ಯಾಡೀರಿ, ಒಳಗ ಬರ್ರಿ ಅಕ್ಕೋರ. ರೊಟ್ಟಿ ಆಗ್ಯಾವ. ಮೊದಲ ನೀರ ಕುಡೀರಿ.”

ಓಣಿಯ ತಿರುವಿನಲ್ಲಿದ್ದ ಕೈಪಂಪಿನಿಂದ ಅವಳು ಅದೇ ಆಗ ತುಂಬಿಕೊಂಡು ಬಂದ ನೀರು. ಎರಡು ಚಂಬು ಕುಡಿದು, ಊಟಕ್ಕೆ ಕೂತೆ.